ತಡೆದ ಟಪಾಲು

ನಾನು ಒಂದು ಹಳೆಯ ಕಂಪ್ಯೂಟರ್. ಯಾವ ಊರಿನ ಕಾರ್ಖಾನೆಯಲ್ಲಿ ಹುಟ್ಟಿದೆನೋ ತಿಳಿಯದು. ಬೆನ್ನಿನ ಚೀಟಿ ಅಳಿಸಿಹೋಗಿದೆ. ಮೊದಲು ಹುಬ್ಬಳ್ಳಿಯ ಸೈಬರ್ ಕೆಫೆಯೊಂದರಲ್ಲಿದ್ದೆ. ಅದು ಮುಚ್ಚಿದಾಗ ಧಾರವಾಡದ ಅಂಬುಜಾ ಹೊಂಬಳ ನನ್ನನ್ನು ಮನೆಗೆ ತಂದರು. ಟೆಲಿಫೋನ್ ಇಲಾಖೆಯಿಂದ ನಿವೃತ್ತರಾಗಿದ್ದ ಅವರು ರಕ್ತದಾನಿಗಳ ಸಂಘವೊಂದನ್ನು ನಡೆಸುತ್ತಿದ್ದರು. ನನ್ನನ್ನು ಸಂಘದ ಮೇಲ್ ಸರ್ವರ್ ಮಾಡಿದರು. ಸಂಘದ ವಿಳಾಸಕ್ಕೆ ಬಂದ ಮೇಲ್‌ಗಳನ್ನೆಲ್ಲ ಒಂದು ದೊಡ್ಡ ಮೇಲ್ ಕಂಪನಿಯಲ್ಲಿದ್ದ ಅವರ ಖಾತೆಗೆ ದಾಟಿಸುವುದು ನನ್ನ ಕೆಲಸ. ಅಲ್ಲಿಂದ ಅವು ಅವರ ಫೋನಿಗೆ ಬರುತ್ತಿದ್ದವು.

ಅವರನ್ನು ಬಿಟ್ಟರೆ ನನ್ನ ಕೀಲಿಮಣೆ ಮುಟ್ಟುತ್ತಿದ್ದವರು ಒಬ್ಬರೇ: ಸಂಘದ ಫಕೀರಪ್ಪನವರು, ನಿವೃತ್ತ ಪೋಸ್ಟ್‌ಮನ್.

ಒಂದು ಮಧ್ಯಾಹ್ನ ಆಸ್ಪತ್ರೆಯಿಂದ ಡಾಕ್ಟರು ಅಂಬುಜಕ್ಕನಿಗೆ ಫೋನ್ ಮಾಡಿದರು. "ಮುಂಜಾನೆನ ಮೇಲ್ ಕಳಿಸೇವ್ರಿ. ಬಾಣಂತಿಗೆ ಓ ನೆಗೆಟಿವ್ ರಕ್ತ ಬೇಕಾಗೇತಿ. ಯಾಕ್ರೀ, ಉತ್ತರನ ಇಲ್ಲ?"

ಫೋನಿನಲ್ಲಿ ಅಂಥ ಮೇಲ್ ಇರಲಿಲ್ಲ. ಅಂಬುಜಕ್ಕನ ಕಣ್ಣು ಎದುರಿಗಿದ್ದ ಫಕೀರಪ್ಪನವರ ಮೇಲೆ ನಿಂತಿತು. ಬೆಳಿಗ್ಗೆ ನನ್ನ ಮುಂದೆ ಕುಳಿತು ಆ ಖಾತೆಯಲ್ಲಿದ್ದ ಬೇಡದ ಮೇಲ್‌ಗಳನ್ನು ಅಳಿಸಿದ್ದವರು ಅವರೇ.

"ಕಸದ ಜೋಡಿ ಇದನ್ನೂ ಅಳಿಸೀರೇನು? ಖರೇ ಹೇಳ್ರಿ."

"ಮೂವತ್ತು ವರ್ಷ ಟಪಾಲು ಹಂಚೀನ್ರಿ ಅಕ್ಕಾರ. ಒಬ್ಬರ ಕಾಗದಾನೂ ಕಳದಿಲ್ಲ," ಎಂದು ಫಕೀರಪ್ಪನವರು ಚಪ್ಪಲಿ ಮೆಟ್ಟಿ ಹೊರಟರು. ಅವರದೂ ಅದೇ ಗುಂಪಿನ ರಕ್ತ. ನೇರ ಆಸ್ಪತ್ರೆಗೆ ಹೋಗಿ ತೋಳು ಚಾಚಿದರು.

ಆ ಮೇಲ್ ನನ್ನಲ್ಲೇ ಇತ್ತು. ಎಂಟು ಸಲ ಕಳಿಸಲು ನೋಡಿದ್ದೆ. "ನಿನ್ನಿಂದ ಅನುಮಾನದ ಮೇಲ್ ವಿಪರೀತ ಬರುತ್ತಿವೆ, ಆಮೇಲೆ ಬಾ" ಎಂದು ಕಂಪನಿ ಪ್ರತಿ ಸಲವೂ ತಿರುಗಿಸಿತ್ತು. ಅದು ಹೇಳಿದ್ದು ನಿಜವೇ. ಲಾಟರಿಯೋ ನಕಲಿ ಔಷಧಿಯೋ, ಬಂದದ್ದನ್ನೆಲ್ಲ ನಾನು ನೋಡದೆ ದಾಟಿಸುತ್ತಿದ್ದೆ. ಬರೆದವರು ಯಾರೋ, ಸ್ಪ್ಯಾಮ್ ಹಂಚುವವನೆಂಬ ಹೆಸರು ನನಗೆ ಬಂತು. ಇದನ್ನೆಲ್ಲ ಹೇಳಲು ನನಗೆ ಬಾಯಿಲ್ಲ. ನಡೆದದ್ದನ್ನು ನನ್ನ ದಾಖಲೆಯಲ್ಲಿ ಬರೆದಿಟ್ಟಿದ್ದೆ, ಅಷ್ಟೇ.

ಸಂಜೆ ಅಂಬುಜಕ್ಕ ಅದನ್ನು ತೆರೆದು ಎರಡು ಸಲ ಓದಿದರು. ಕನ್ನಡಕ ತೆಗೆದು ಕೆಳಗಿಟ್ಟರು. "ಅಯ್ಯ, ಅವರಿಗೆ ಎಂಥಾ ಮಾತು ಅಂದೆ ನಾನು!"

ಬಾಣಂತಿ ಉಳಿದುಕೊಂಡಳು. ಮರುದಿನ ಅಂಬುಜಕ್ಕ ಫಕೀರಪ್ಪನವರ ಮನೆಗೇ ಹೋಗಿ ತಪ್ಪೊಪ್ಪಿಕೊಂಡರು. ನನಗೂ ಹೊಸ ನಿಯಮಗಳು ಬಂದವು: ಸ್ಪ್ಯಾಮನ್ನು ಬಾಗಿಲಲ್ಲೇ ತಡೆಯಬೇಕು, ಉಳಿದದ್ದನ್ನು ಸಂಘದ ಗುರುತಾಗಿ ಡಿಜಿಟಲ್ ಸಹಿ ಹಾಕಿ, ಒಟ್ಟಿಗೆ ಸುರಿಯದೆ ಒಂದೊಂದಾಗಿ ಕಳಿಸಬೇಕು, ಒಂದು ಮೇಲ್ ನಿಂತರೂ ಅವರಿಗೆ ಎಸ್ಸೆಮ್ಮೆಸ್ ಹೋಗಬೇಕು. ಅಂದಿನಿಂದ ಬಂದ ಪ್ರತಿ ಮೇಲನ್ನೂ ಅನುಮಾನದಿಂದಲೇ ನೋಡಿದೆ. ಐದು ವಾರಗಳಲ್ಲಿ ಕಂಪನಿ ನನ್ನನ್ನು ಮತ್ತೆ ನಂಬಿತು.

ಈಗ ನನ್ನ ಜಾಗಕ್ಕೆ ಹೊಸ ಯಂತ್ರ ಬಂದಿದೆ. ನಾನು ಅದೇ ಕೋಣೆಯ ಕಪಾಟಿನ ಮೇಲಿದ್ದೇನೆ. ಫಕೀರಪ್ಪನವರು ಬರುತ್ತಾರೆ, ಚಹಾ ಕುಡಿಯುತ್ತಾರೆ, ದಾನಿಗಳಿಗೆ ಫೋನ್ ಮಾಡುತ್ತಾರೆ. ಅಂಬುಜಕ್ಕ ಯಂತ್ರದ ಮುಂದಿನ ಕುರ್ಚಿ ಸರಿಸಿಕೊಟ್ಟರೆ ಮಾತ್ರ ನಗುತ್ತಾ ಕೈಮುಗಿಯುತ್ತಾರೆ.

"ಅದನ್ನ ನೀವ ನೋಡ್ರಿ ಅಕ್ಕಾರ."

ಅವರ ಮನಸ್ಸಿನ ಗಾಯ ಮಾಯಲು ಎಷ್ಟು ವಾರ ಬೇಕೋ, ನನಗೆ ತಿಳಿಯದು. ಅಂಬುಜಕ್ಕ ಕುರ್ಚಿ ಸರಿಸುವುದನ್ನು ಬಿಟ್ಟಿಲ್ಲ.