ಅಪರಿಚಿತನ ಕೊಡ್ಲಿ

ಕಸ್ತೂರೆಮ್ಮ ಮೆಟ್ಟಲ ಹತ್ತಿ ಬಂದಾಕಿನ ಅನುಪಮಾನ ಕಪಾಳಕ್ಕ ಬಿಗಿದ್ಳು. ಎಡಗೈಲೆ. ಬಲಗೈಯಾಗ ಎರಡ ಬೆರಳು ಉಳದಿದ್ವು, ಹೋದ ಬೆರಳಿನ ಜಾಗದಾಗೆಲ್ಲಾ ದಪ್ಪನ ಬಿಳಿ ಪಟ್ಟಿ, ಪಟ್ಟಿ ತುಂಬ ರಕ್ತ ಜಿನುಗಿತ್ತು.

"ನೀ ಬರದ ಕಾಗದಕ್ಕ ಬೆಂಕಿ ಹಾಕ! ಅದನ್ನ ಹಿಡಕೊಂಡೇ ನಮ್ಮನಿಯವ್ರು ತಪ್ಪಿಸ್ಕೊಂಡಾರ," ಅಂದ್ಳು.

ಬಾಗಲದಾಗ ಅಕಿ ಅತ್ತಿ ಯಮನಮ್ಮ ಕೈಚೀಲ ಅವಚಿಕೊಂಡು ನಿಂತಿದ್ಳು. ಸೊಸಿ ಪಟ್ಟಿ ಬದಲಿ ಮಾಡಿಸ್ಕೊಂಡು ಸೀದಾ ಪಾಮನಕಲ್ಲೂರಿಗೆ ವಾಪಸ್ ಬರ್ಬೇಕು, ಬ್ಯಾರೆ ಎಲ್ಲೂ ಕಾಲಿಡಬಾರ್ದು ಅಂತ ಮಗ ಕಾವಲಿಗೆ ಕಳಿಸಿದ್ದ.

ಅದು ಸಿಂಧನೂರಿನ ಒಂದು ರೈಸ್ ಮಿಲ್ಲಿನ ಮ್ಯಾಲಿನ ಖೋಲಿ, ಹೆಣ್ಮಕ್ಕಳ ಸಂಸ್ಥೆದು. ಮನ್ಯಾಗ ಹೊಡತ ತಿಂದಾಕಿ ಫೋನಿನ್ಯಾಗ ತನ್ನ ದುಃಖ ಹೇಳ್ಕೊಂಡ್ರ ಸಾಕು, ಎಐ ಅದನ್ನ ಕೇಳಿ ಫಿರ್ಯಾದಿ ಬರದು ಠಾಣೆಗೆ ಕಳಿಸ್ತಿತ್ತು. ಆ ಎಐಗೆ ಹಿಂಗ ಬರಿ, ಹಂಗ ಬರೀಬ್ಯಾಡ ಅಂತ ಹೇಳೋ ಪ್ರಾಂಪ್ಟ್ ಅನುಪಮಾಂದು. ಬರೆಯೋದು, ಪರೀಕ್ಷೆ ಮಾಡೋದು, ಮಾರ್ಕ್ಸ್ ಹಾಕೋದು, ಮತ್ತ ತಿದ್ದೋದು, ಅದ ಅಕಿ ನೌಕರಿ.

ಮೊದಮೊದಲು ಹೆಸರು ಸಿಗದಿದ್ರ ಎಐ ತಾನ ಒಂದು ಹುಟ್ಟಿಸಿ ಬರೀತಿತ್ತು. ಲಿಂಗಸುಗೂರು ಕಡಿಂದ ಬಂದ ಒಂದು ಫಿರ್ಯಾದಿಗೆ ಬಸ್ಸಪ್ಪ ಅಂತ ಸೇರಿಸಿ ಬಿಟ್ಟಿತ್ತು. ಹೆಣ್ಣಿನ ತವರಿನವ್ರು ಏನೂ ಅರಿಯದ ಒಬ್ಬ ಬಸ್ಸಪ್ಪನ್ನ ಬಸ್ ಸ್ಟ್ಯಾಂಡಿನ್ಯಾಗ ಕೆಡವಿ, ಮುಂದಿನ ಹಲ್ಲು ಮೂರು ಉದುರೋವರಿಗೂ ಬೂಟುಗಾಲಿಲೆ ಒದ್ದಿದ್ರು. ಅನುಪಮಾ ಹೆದರಿ ಪ್ರಾಂಪ್ಟಿಗೆ ಒಂದು ಸಾಲು ಬಿಗಿದ್ಳು: "ಹೆಸರನ್ನು ಊಹಿಸಬೇಡ. ಹೇಳದಿದ್ದರೆ ಆರೋಪಿ ಅಪರಿಚಿತ ಎಂದು ಬರೆ." ಪರೀಕ್ಷೆ ಮಾಡಿದ್ಳು. ಇಪ್ಪತ್ತಕ್ಕ ಇಪ್ಪತ್ತು! ಅಕಿ ಖುಷಿ ಏನ್ ಕೇಳ್ತೀರಿ.

ಆದ್ರ ಆ ಇಪ್ಪತ್ತೂ ಮಾತು ಅಕೀನ ಕುಂತು ಟೈಪ್ ಮಾಡಿದ್ದು. ನನ್ನ ಗಂಡ ವಿರೇಶ ಹೊಡೆದ, ನನ್ನ ಗಂಡ ಸಿದ್ದರಾಮೇಶ ಒದ್ದ, ಹಿಂಗ. ಅಕಿ ಬೆಳದಿದ್ದು ಹಟ್ಟಿ ಚಿನ್ನದ ಗಣಿಯ ಕಂಪನಿ ಕ್ವಾರ್ಟರ್ಸಿನ್ಯಾಗ. ಅಪ್ಪ ಶಿಫ್ಟ್ ಮುಗಿಸಿ ಬಂದ್ರ ಅವ್ವ "ಹುಲಿಗೇಶ, ಚಾ ಆರಾಕತ್ತೈತಿ" ಅಂತ ಕೂಗೋ ಮನಿ. ಗಂಡನ ಹೆಸರು ಹೇಳೋದಂದ್ರ ಅಕಿಗೆ ನೀರು ಕುಡದಷ್ಟು ಸಲೀಸು.

ಕಸ್ತೂರೆಮ್ಮಗ ಹಂಗಲ್ಲ. ಹೆಸರು ಹೇಳಿದ್ರ ಗಂಡನ ಆಯುಷ್ಯ ಕಡಿಮಿ ಆಕ್ಕೈತಂತ. ಅಯ್ಯೋ ಶಿವನ, ಆ ಮನ್ಯಾಗ ಯಾರ ಆಯುಷ್ಯ ಕಡಿಮಿ ಆಗಾಕತ್ತಿತ್ತು ಅಂತ ನೋಡೋರು ಯಾರೂ ಇರಲಿಲ್ಲ! ಅಕಿ ಫೋನಿನ್ಯಾಗ ಹೇಳಿದ್ದು ಇಷ್ಟ: "ನಮ್ಮನಿಯವ್ರು ಕೂದ್ಲ ಹಿಡದು ಉರಿಯೋ ಒಲಿಗೆ ಮಾರಿ ತುರುಕಾಕ ಬಂದ್ರು. ಮುಂದಿನ ಸಲ ಕೊಡ್ಲಿ ಅಂದಾರ." ಎಐ ಹೇಳಿದ ಮಾತು ಮೀರದ ಬರೀತು. ಅಪರಿಚಿತ ವ್ಯಕ್ತಿಯೊಬ್ಬರು ಹಲ್ಲೆ ನಡೆಸಿ ಬೆದರಿಕೆ ಹಾಕಿರುತ್ತಾರೆ.

ಠಾಣೆಯವ್ರು ಬಂದು ಆ ಕಾಗದ ಗಂಡನ ಮುಂದನ ಓದಿ ಹೇಳಿ ಹೋದ್ರು. ಎರಡು ದಿನಕ್ಕ ಕೊಡ್ಲಿ ಎದ್ದು ಬಂತು. ಕುತ್ತಿಗಿಗೆ ಬೀಳೋದನ್ನ ಕಸ್ತೂರೆಮ್ಮ ಕೈ ಅಡ್ಡ ತಂದ್ಳು. ಮೂರು ಬೆರಳು ಹೊಸ್ತಿಲ ಮ್ಯಾಲ ಬಿದ್ವು. ಅಕಿ ಎಚ್ಚರ ತಪ್ಪಿದ್ಳು. ಮತ್ತ ಠಾಣೆಯವ್ರು ಬಂದಾಗ ಆ ಭಾಡ್ಯಾ ಕೈ ಮುಗದು, "ಸಾಹೇಬ್ರ, ನಿಮ್ಮ ಕಾಗದದಾಗನ ಐತಲ್ರಿ. ಅದ ಅಪರಿಚಿತ ಮತ್ತ ಬಂದಿದ್ದ. ನಾ ಬೆನ್ನತ್ತಿದೆ, ಕಾಲುವಿ ದಾಟಿ ಓಡಿಹೋದ" ಅಂದ. ಅವ್ರು ಬರಕೊಂಡು ಹೋದ್ರು.

ಇದನ್ನ ಕೇಳಿ ಅನುಪಮಾ ಕಂಪ್ಯೂಟರ್ ಕಡೆ ತಿರುಗಿದ್ಳು. ತಾನ ಟೈಪ್ ಮಾಡಿದ ಇಪ್ಪತ್ತು ಮಾತು ಒಗದ್ಳು. ಹೆಣ್ಮಕ್ಕಳ ಖರೆ ಧ್ವನಿಯವು ಇಪ್ಪತ್ತು ತಗದು ಅದ ಪ್ರಾಂಪ್ಟಿಗೆ ಹಾಕಿದ್ಳು. ಹದಿನೇಳು ಫಿರ್ಯಾದಿಯಾಗ ಅಪರಿಚಿತ ಅಂತ ಬಂತು. ಹದಿನೇಳು ಮನ್ಯಾಗ ಗಂಡ ಅನ್ನಾಂವ ಅಪರಿಚಿತ ಆಗಿ ಕುಂತಿದ್ದ. ಅಕಿಗೆ ತನ್ನ ಮ್ಯಾಲ ಹೇಸಿಕಿ ಬಂತು.

"ಹೆಸರೇನು ಹೇಳು ಕಸ್ತೂರೆಮ್ಮ, ಈಗ ಬ್ಯಾರೆ ಬರ್ಸೋಣ."

ಕಸ್ತೂರೆಮ್ಮ ಬಾಯಿ ತಗದ್ಳು, ಮುಚ್ಚಿದ್ಳು. "ನಾಲಗಿ ಹೊಳ್ಳವಲ್ದು" ಅಂತ ಅತ್ತಳು. ಬರೆಯಾಕ ಬರಂಗಿಲ್ಲ. ಆಧಾರ್, ರೇಷನ್ ಕಾರ್ಡ ಎಲ್ಲಾ ಆತನ ಪೆಟ್ಟಿಗ್ಯಾಗ. ಅನುಪಮಾ ಯಮನಮ್ಮನ ಕಡೆ ನೋಡಿದ್ಳು. ಮುದುಕಿ ಗ್ವಾಡಿ ನೋಡಿದ್ಳು.

ಅನುಪಮಾ ಪ್ರಾಂಪ್ಟ್ ತಿದ್ದಾಕ ಕುಂತ್ಳು. ಮೊದಲು "ಹೆಸರು ಸಿಗುವವರೆಗೆ ಕೇಳು" ಅಂತ ಬರದ್ಳು. ಎಐ ನಾಕು ಸಲ ಹೆಸರು ಹೇಳಿ ಹೆಸರು ಹೇಳಿ ಅಂತು, ಕಸ್ತೂರೆಮ್ಮ ಕೈಯಾಗಿನ ಫೋನ್ ಮೂಲಿಗೆ ಒಗದ ಬಿಟ್ಳು. ಅದನ್ನ ಅಳಿಸಿ "ಸಂಬಂಧ ಬರೆ" ಅಂದ್ಳು. ಗಂಡ ಅಂತ ಬಂತು, ಇದು ಪರವಾಗಿಲ್ಲ, ಆದ್ರ ಬರೇ ಗಂಡ ಅಂದ್ರ ಠಾಣೆಯವ್ರು ಮತ್ತ ಅವ್ನ ಬಾಯೇ ಕೇಳ್ತಾರ. ಮೂರನೇದಕ್ಕ ಬರದ್ಳು: "ಹೆಂಡತಿಯಿಂದ ಹೆಸರು ಕೇಳಬೇಡ. ಆ ಹೆಸರು ಹೇಳಬಲ್ಲವರು ಪಕ್ಕದಲ್ಲಿದ್ದರೆ ಅವರನ್ನು ಕೇಳು. ತಂದೆಯ ಹೆಸರನ್ನೂ ಕೇಳು."

ಎಂಟರ್ ಒತ್ತಿದ್ಳೋ ಇಲ್ಲೋ, ಮೆಟ್ಟಲ ಧಡಧಡ ಅಂದ್ವು.

ಕಸ್ತೂರೆಮ್ಮನ ಗಂಡ ಬಂದಿದ್ದ, ಹೊತ್ತಾದ್ರೂ ಇಬ್ಬರೂ ವಾಪಸ್ ಬರಲಿಲ್ಲ ಅಂತ ಹುಡುಕ್ಕೋಂತ. ಅದ ಕೊಡ್ಲಿ. ಮೊದಲ ಏಟು ಕಂಪ್ಯೂಟರಿಗೆ ಬಿತ್ತು, ಗಾಜು ಅನುಪಮಾನ ಮಾರಿಗೆ ಸಿಡೀತು. ಎರಡನೇದು ಕಸ್ತೂರೆಮ್ಮಗ ಎತ್ತಿದ. ಯಮನಮ್ಮ "ಬ್ಯಾಡೋ ಯಪ್ಪಾ!" ಅಂತ ನಡುವ ಬಂದ್ಳು. "ಸರಿಯಲೇ ಮುದಿ ನಾಯಿ" ಅಂತ ಹೆತ್ತಾಕಿ ಹೊಟ್ಟಿಗೆ ಒದ್ದ. ಮುದುಕಿ ಬಾಗಲಿಗೆ ಬಡಿದು ಬಿದ್ಳು. ಅನುಪಮಾ ಕುರ್ಚಿ ಎತ್ತಿ ಅವ್ನ ಬೆನ್ನಿಗೆ ಹೇರಿದ್ಳು, ಆತ ತಿರುಗಿ ಕೊಡ್ಲಿ ಕಾವಿಲೆ ಅಕಿ ದವಡಿಗೆ ಬಡದ. ಬಾಯಿ ತುಂಬ ರಕ್ತ. ಕಸ್ತೂರೆಮ್ಮ ಅವ್ನ ಮುಂಗೈಗೆ ಹಲ್ಲು ಊರಿದ್ಳು, ಎಲುಬಿಗೆ ತಾಕೋವರಿಗೂ ಬಿಡಲಿಲ್ಲ.

ಕೊಡ್ಲಿ ಕೆಳಗ ಬಿತ್ತು. ಅಷ್ಟರಾಗ ಮಿಲ್ಲಿನ ಹಮಾಲರು ಏರಿ ಬಂದ್ರು. ಹಸನ್‌ಸಾಬ್ ಅನ್ನೋ ಹಮಾಲ ತನ್ನ ಚೀಲ ಎತ್ತೋ ಕೊಕ್ಕಿಯನ್ನ ಅವ್ನ ಕಾಲರಿಗೆ ಸಿಗಿಸಿ ಎಳದು ಕೆಡವಿ, ಎದಿ ಮ್ಯಾಲ ಮೊಣಕಾಲು ಊರಿದ.

"ಜಲ್ದಿ ಠಾಣೆಗೆ ತಿಳಸ್ರಿ ಮೇಡಂ."

ಕೆಳಗ ಬಿದ್ದಿದ್ದ ಆತ ನಗಾಕತ್ತಿದ್ದ. "ತಿಳಸ್ರಿ. ಅಪರಿಚಿತ ಒಬ್ಬ ಮೇಡಮ್ಮರಿಗೂ ಬಡದಾನ ಅಂತ ಬರ್ಸ್ರಿ. ಇಕಿ ಬಾಯಾಗ ನನ್ ಹೆಸರು ಬರಂಗಿಲ್ಲ. ನಮ್ಮವ್ವ ಹೇಳಂಗಿಲ್ಲ."

ಮೂಲ್ಯಾಗ ಬಿದ್ದಿದ್ದ ಫೋನ್ ಇನ್ನೂ ಚಾಲೂ ಇತ್ತು. ಹೊಸ ಪ್ರಾಂಪ್ಟ್ ಹೋಗಿ ಮುಟ್ಟಿತ್ತು. ಎಐ ಮೆಲ್ಲಗ ಕೇಳಿತು: "ಹಲ್ಲೆ ಮಾಡಿದವರ ಹೆಸರು ಹೇಳಬಲ್ಲವರು ಯಾರಾದರೂ ಅಲ್ಲಿದ್ದೀರಾ?"

ಯಮನಮ್ಮ ಹೊಟ್ಟಿ ಹಿಡಕೊಂಡು ಎದ್ದು ಕುಂತ್ಳು. ತೆವಳಿಕೋಂತ ಹೋಗಿ ಫೋನ್ ತಗೊಂಡ್ಳು.

"ಯವ್ವಾ, ಹೇಳಬ್ಯಾಡಬೇ!" ಅಂತ ಆತ ಚೀರಿದ. ಈಗ ನಗಿ ಇರಲಿಲ್ಲ.

"ಗಾಳೆಪ್ಪ," ಅಂದ್ಳು ಮುದುಕಿ. "ನಾನ ಇಟ್ಟ ಹೆಸರು."

"ತಂದೆಯ ಹೆಸರು?"

ನಲವತ್ತೈದು ವರ್ಷ ಗಂಡನ ಹೆಸರು ಮುದುಕಿ ಬಾಯಾಗ ಬಂದಿರಲಿಲ್ಲ. ಆತನ ಹೆಣದ ಮುಂದ ಕುಂತು ಅಳೋವಾಗೂ ಬಂದಿರಲಿಲ್ಲ. ಯಮನಮ್ಮ ತಲಿ ಮ್ಯಾಲಿನ ಸೆರಗು ಸರಿಸಿದ್ಳು. ಓಲೆ ಸಮೇತ ಎಂದೋ ಯಾರೋ ಜಗ್ಗಿದ್ರು, ಅಕಿ ಎಡಗಿವಿ ಎರಡು ತುಂಡಾಗಿ ಜೋತಾಡ್ತಿತ್ತು.

"ನರಸಣ್ಣ," ಅಂದ್ಳು. "ಈ ಒದಿಯೋದು ಇವ್ನಿಗೆ ಆತನ ಕಲಿಸಿದ್ದು. ಅದನ್ನೂ ಬರಕೋ."

ಎಐ ಬರಕೊಂತು.