ಡ್ರೈಕ್ಲೀನಿಂಗ್ ಅಂಗಡಿಯ ಡಿಟಾಕ್ಸ್

ನಾನೂ ನನ್ನ ಓರಗಿತ್ತಿಯೂ ಸೇರಿ ಡ್ರೈಕ್ಲೀನಿಂಗ್ ಅಂಗಡಿ ನಡೆಸುತ್ತೇವೆ. ಈಚೆಗೆ ನಾನು ದಪ್ಪಗಾಗಿದ್ದೇನೆ ಅಂತ ನನಗಿಂತ ಅವಳಿಗೇ ಹೆಚ್ಚು ಚಿಂತೆ.

"ಅಕ್ಕಾ, ಇಲ್ಲಿನ ಕೆಮಿಕಲ್ಲೆಲ್ಲ ನಿಮ್ಮ ಕೊಬ್ಬಲ್ಲಿ ಮನೆ ಮಾಡ್ಕೊಂಡಿದೆ. ಈ ಡಿಟಾಕ್ಸ್ ರಸ ಕುಡೀರಿ, ತೊಳೆದು ಹೋಗುತ್ತೆ," ಅಂದಳು. ತಾನು ಕುಡಿಯುವುದು ಸಾಲದು ಅಂತ ಗಿರಾಕಿಗಳಿಗೆ ಮಾರಲು ಬಾಕ್ಸುಗಟ್ಟಲೆ ತರಿಸಿದ್ದಳು.

ನನಗೆ ರೇಗಿತು. "ತೊಳೆಯೋಕೆ ನನ್ನ ಲಿವರ್ ಇದೆ, ಕಿಡ್ನಿ ಇದೆ. ಹುಟ್ಟಿದಾಗಿಂದ ಒಂದಿನ ರಜಾ ಕೇಳಿಲ್ಲ, ಪಾಪ. ನನ್ನ ಸೊಂಟದ ವಿಚಾರ ನಾನು ನೋಡ್ಕೋತೀನಿ, ನೀನು ಕೆಲಸ ನೋಡು."

"ಹಾಗಾದ್ರೆ ಮಧ್ಯಾಹ್ನ ಆದ್ರೆ ಇಬ್ಬರಿಗೂ ತಲೆನೋವು ಯಾಕೆ ಬರುತ್ತೆ?"

ಅದು ಮಾತ್ರ ಸುಳ್ಳಲ್ಲ. ಬಟ್ಟೆ ಗಿರಾಕಿಗೆ ಕೊಡುವ ಮುಂಚೆ ಕಾಲರ್ ಮೂಸಿ ನೋಡುವುದು ನನ್ನ ಅಭ್ಯಾಸ. ಈಗೀಗ ಎಷ್ಟು ಹೊತ್ತು ನೇತುಹಾಕಿದರೂ ಬಟ್ಟೆ ತೊಳೆಯೋ ಸಾಲ್ವೆಂಟಿನ ವಾಸನೆ ಹೋಗುತ್ತಿರಲಿಲ್ಲ. ವಾಸನೆಯ ಜಾಡು ಹಿಡಿದು ಮೆಷಿನ್ನಿನ ಹಿಂದಕ್ಕೆ ಹೋದೆ. ಅಲ್ಲಿ ಗೋಡೆಯಲ್ಲಿದ್ದ ಎಕ್ಸಾಸ್ಟ್ ಫ್ಯಾನ್ ಕಾಣುತ್ತಲೇ ಇರಲಿಲ್ಲ. ಅದಕ್ಕೆ ಒತ್ತಿಕೊಂಡು ಡಿಟಾಕ್ಸ್ ರಸದ ಬಾಕ್ಸುಗಳು ಸೂರಿನ ತನಕ ನಿಂತಿದ್ದವು.

ಸೆರಗು ಸಿಕ್ಕಿಸಿ ಒಂದೊಂದನ್ನೇ ಎಳೆದು ಆಚೆ ಹಾಕಿದೆ. ಕೊನೆಯದು ಸರಿದ ಕೂಡಲೇ ಫ್ಯಾನಿನ ಎಳೆತಕ್ಕೆ ಬಾಗಿಲಿನಿಂದ ಗಾಳಿ ನುಗ್ಗಿ, ಹ್ಯಾಂಗರಿನಲ್ಲಿದ್ದ ಅಂಗಿಗಳೆಲ್ಲ ತೂಗಾಡಿದವು.

ಓರಗಿತ್ತಿ ಆಚೆ ಬಿದ್ದ ಬಾಕ್ಸುಗಳ ರಾಶಿ ನೋಡಿದಳು. "ಅಕ್ಕಾ, ಇವನ್ನೆಲ್ಲ ಇನ್ನೆಲ್ಲಿ ಇಡೋದು?"

"ಎಲ್ಲಾದ್ರೂ ಇಡು ತಾಯಿ, ತೊಳೆಯೋರಿಗೆ ಅಡ್ಡ ಬರದಿದ್ರೆ ಸಾಕು."