ಹಾರುವ ಹೊರಸಿನ ಮಲತಾಯಿ

ಗುರುಲಿಂಗವ್ವ ಸಿನಿಮಾಕ್ಕೆ ಹೊರಟ ಸಂಭ್ರಮ ನೋಡಿದರೆ ಮಗನ ಮದುವೆಗೇ ಹೊರಟಂತಿತ್ತು. ಕೈಯಾರೆ ನೇಯ್ದ ಕೆಂಪು ಸೆರಗಿನ ಸೀರೆ, ತಲೆ ತುಂಬ ಎಣ್ಣೆ, ಚೀಲದಲ್ಲಿ ಚುರುಮುರಿ. ಮಗ ಸೋಮಲಿಂಗ ತೆಗೆದ ಮೊದಲ ಸಿನಿಮಾ ‘ಹಾರುವ ಹೊರಸು’ ಇಳಕಲ್ಲಿನ ಟಾಕೀಸಿಗೆ ಬಂದಿತ್ತು. ಓಣಿಯ ಹೆಂಗಸರನ್ನೆಲ್ಲ ಆಕೆಯೇ ಬಾಗಿಲು ಬಡಿದು ಹೊರಡಿಸಿದ್ದಳು.

“ನನ್ನ ಕತಿ ಅದು, ಲಕ್ಕವ್ವಾ. ಮಗ್ಗದ ಮುಂದ ಕುಂತು ಅವನಿಗೆ ನಾನ ಹೇಳಿದ್ದು. ನಡಿ, ಸೀರಿ ನಾಳೆ ನೇಯುವಂತಿ” ಎಂದು ಪಕ್ಕದ ಮನೆಯ ಲಕ್ಕವ್ವನ ಕೈ ಹಿಡಿದು ಎಳೆದುಕೊಂಡೇ ಬಂದಿದ್ದಳು.

ಆಕೆ ಹೇಳಿದ್ದು ಸುಳ್ಳಲ್ಲ. ಆಕೆಯ ಗಂಡ ಹೊಳಬಸಪ್ಪನ ಮೊದಲ ಹೆಂಡತಿ ತೀರಿಕೊಂಡಾಗ ಸೋಮಲಿಂಗ ಇನ್ನೂ ತೊದಲು ಮಾತಿನ ಕೂಸು. ಕಮತಗಿಯಿಂದ ಎರಡನೆಯ ಸಂಬಂಧಕ್ಕೆ ಬಂದವಳು ಗುರುಲಿಂಗವ್ವ. ಬಂದ ಹೊಸದರಲ್ಲಿ ಕೂಸು ಕತೆ ಹೇಳು ಎಂದು ಗಂಟುಬಿದ್ದಾಗ ಆಕೆಗೆ ಫಜೀತಿಯಾಯಿತು. ಆಕೆಗೆ ಬರುತ್ತಿದ್ದ ಕತೆಗಳಲ್ಲೆಲ್ಲ ಮಲತಾಯಿಯೇ ಕೆಟ್ಟವಳು. ಒಬ್ಬಳು ವಿಷ ಹಾಕುವವಳು, ಇನ್ನೊಬ್ಬಳು ಮಕ್ಕಳನ್ನು ಅಡವಿಗೆ ಅಟ್ಟುವವಳು. ಅದನ್ನು ಈ ಕೂಸಿಗೆ ಯಾವ ಬಾಯಿಂದ ಹೇಳುವುದು? ಗುರುಲಿಂಗವ್ವ ಕತೆಯನ್ನೇ ಹೊರಳಿಸಿಬಿಟ್ಟಳು. ರಾಕ್ಷಸ ಬಂದು ರಾಜಕುಮಾರನನ್ನು ಬಾದಾಮಿಯ ಬಂಡೆಗಳಾಚೆ ಹೊತ್ತೊಯ್ದಾಗ ಅರಮನೆಯವರೆಲ್ಲ ಅಳುತ್ತ ಕೂತರು. ಮಲತಾಯಿಯೊಬ್ಬಳೇ ತನ್ನ ಮದುವೆಯ ಸೀರೆಯನ್ನು ಎಳೆ ಎಳೆಯಾಗಿ ಬಿಚ್ಚಿ, ಹಗ್ಗ ಹೊಸೆದು, ಹೊರಸು ಅಂದರೆ ಹಗ್ಗದ ಮಂಚ ಹೆಣೆದು, ಅದರ ಮೇಲೆ ಕೂತು ಹಾರಿಹೋಗಿ ಮಗನನ್ನು ಬಿಡಿಸಿಕೊಂಡು ಬಂದಳು.

ಕತೆ ಹೇಳಲು ಒಂದು ನೇಮವಿತ್ತು. ಕೇಳುವವರು ಮಾತು ಮಾತಿಗೂ ಹೂಂ ಅನ್ನಬೇಕು. ಹೂಂ ನಿಂತಿತೆಂದರೆ ಅವರು ಮಲಗಿದರೆಂದೇ ಲೆಕ್ಕ. ಕತೆಯೂ ಅಲ್ಲಿಗೇ ನಿಲ್ಲಬೇಕು. ಆಕೆ ಕುಣಿಯಲ್ಲಿ ಕಾಲು ಇಳಿಬಿಟ್ಟು ನೇಯುವ ಕುಣಿಮಗ್ಗದ ಅಂಚಿಗೆ ಸೋಮಲಿಂಗ ಕೂತು, ಕಣ್ಣು ಎಳೆಯುತ್ತಿದ್ದರೂ ಬಿಡದೆ ಹೂಂ ಅನ್ನುತ್ತಿದ್ದ. ಸಾಲಿಯಲ್ಲಿ ಯಾವನೋ ಹುಡುಗ “ನಿಮ್ಮವ್ವ ನಿಮ್ಮವ್ವ ಅಲ್ಲ” ಅಂದಾಗ ಅವನ ಮೂಗು ಒಡೆದು ಬಂದಿದ್ದ. ಅಂದು ಆಕೆ ಅವನನ್ನು ಬೈದಳು, ಒಳಗೆ ಹೋಗಿ ಖುಷಿಗೆ ಅತ್ತಳು. ತನಗೆ ಬೇರೆ ಮಕ್ಕಳಾಗಲಿಲ್ಲ ಎಂದು ಮಾತ್ರ ಒಂದು ದಿನವೂ ಅಳಲಿಲ್ಲ. ಹೊಳಬಸಪ್ಪ ತೀರಿಹೋದ ಮೇಲೂ ಮಗ್ಗ ನಿಲ್ಲಿಸದೆ ಮಗನನ್ನು ಓದಿಸಿದಳು. ಆಕೆ ಎರಡನೆಯವಳು ಎಂಬುದನ್ನು ಓಣಿ ಯಾವತ್ತೋ ಮರೆತುಬಿಟ್ಟಿತ್ತು. ಖರೆ ಹೇಳಬೇಕೆಂದರೆ ಆಕೆಯೂ ಮರೆತಿದ್ದಳು.

ಟಾಕೀಸಿನಲ್ಲಿ ಕತ್ತಲಾಯಿತು. ‘ಒಂದು ಊರಿನಲ್ಲಿ ಒಬ್ಬ ರಾಜ ಇದ್ದ’ ಎಂದು ಪರದೆಯ ಹಿಂದಿನ ಧ್ವನಿ ಶುರುಮಾಡಿದ್ದೇ ತಡ, ಗುರುಲಿಂಗವ್ವ ಗಟ್ಟಿಯಾಗಿ “ಹೂಂ” ಅಂದಳು. ಮುಂದಿನ ಸಾಲಿನ ಹುಡುಗಿಯರು ಕಿಸಕ್ಕನೆ ನಕ್ಕರು. ನಗಲಿ ಬಿಡು ಎಂದು ಆಕೆ ಇನ್ನೊಮ್ಮೆ ಹೂಂ ಅಂದಳು.

ಪರದೆಯ ಮೇಲೆ ಮಲತಾಯಿ ಬಂದಳು. ಕೆಂಪು ಸೆರಗು, ಕೈ ತುಂಬ ಹಸಿರು ಬಳೆ. ದಾರವನ್ನು ಮುಂದಿನ ಹಲ್ಲಿನಿಂದ ಕಟ್ಟನೆ ಕಡಿದು ತುದಿಯನ್ನು ಓರೆಯಾಗಿ ಉಗುಳಿದಳು.

“ಇದೇನಬೇ, ಥೇಟ್ ನಿನ್ನಂಗ ಕಡೀತಾಳ!” ಎಂದು ಲಕ್ಕವ್ವ ತಿವಿದಳು.

ಗುರುಲಿಂಗವ್ವ ಹಿಗ್ಗಿಹೋದಳು. ಎಷ್ಟು ನೆನಪಿಟ್ಟಿದ್ದಾನೆ ನನ್ನ ಕೂಸು! ಅಷ್ಟರಲ್ಲಿ ಆ ಹೆಂಗಸು ಸೆರಗಿನ ತುದಿಯನ್ನು ಬಟ್ಟಲಲ್ಲಿ ಅದ್ದಿ, ರಾಜಕುಮಾರನನ್ನು ತೊಡೆಯ ಮೇಲೆ ಕೂಡಿಸಿಕೊಂಡು, ಮುದ್ದುಗರೆಯುತ್ತ ಮುಖ ಒರೆಸಿದಳು. ಬಟ್ಟಲಲ್ಲಿ ಇದ್ದದ್ದು ವಿಷ. ಸಾಲಿಯಿಂದ ಬಂದ ಸೋಮಲಿಂಗನ ಮುಖವನ್ನು ಗುರುಲಿಂಗವ್ವ ದಿನಾ ಒರೆಸುತ್ತಿದ್ದದ್ದೂ ಹೀಗೆಯೇ, ಇದೇ ತೊಡೆಯ ಮೇಲೆ, ಇದೇ ಸೆರಗಿನ ತುದಿಯಿಂದ.

ಆಕೆಯ ಹೂಂ ನಿಂತಿತು.

“ಇನ್ನ ಮುಂದ ಆಕಿ ಬದಲಾಗ್ತಾಳ, ನೋಡ. ಹೊರಸು ಹೆಣೀಬೇಕಲ್ಲ ಆಕಿ” ಎಂದು ಲಕ್ಕವ್ವನಿಗೆ ಹೇಳಿದಳು. ಇಂಟರ್‌ವಲ್ ಆದ ಮೇಲೂ ಅದನ್ನೇ ಹೇಳಿದಳು. ಆದರೆ ಸಿನಿಮಾದಲ್ಲಿ ಹೊರಸನ್ನು ಹೆಣೆದುಕೊಟ್ಟದ್ದು ಒಂದು ಮಾತಾಡುವ ಗಿಳಿ. ಮಲತಾಯಿ ಹಾರುವ ಹೊರಸಿನ ಹಗ್ಗ ಕಡಿಯಲು ಬಂದಳು, ಅದೂ ಹಲ್ಲಿನಿಂದಲೇ. ಕೊನೆಗೆ ರಾಜಕುಮಾರ ಆಕೆಯನ್ನು ಬೆಂಕಿಗೆ ನೂಕಿದಾಗ ಟಾಕೀಸಿಗೆ ಟಾಕೀಸೇ ಎದ್ದು ನಿಂತು ಸೀಟಿ ಹೊಡೆಯಿತು. ಲಕ್ಕವ್ವನೂ ಚಪ್ಪಾಳೆ ತಟ್ಟಿದಳು. ಚುರುಮುರಿಯ ಚೀಲ ಗುರುಲಿಂಗವ್ವನ ತೊಡೆಯ ಮೇಲೆ ಹಾಗೆಯೇ ಇತ್ತು.

ಹೊರಗೆ ಬಂದರೆ ಮೊಬೈಲಿನಲ್ಲಿ ಚಾನೆಲ್ ನಡೆಸುವ ಅಕೀಲ ಮೈಕು ಹಿಡಿದು ಜನರ ಅಭಿಪ್ರಾಯ ಕೇಳುತ್ತಿದ್ದ. ಹುನಗುಂದದಿಂದ ಬಂದಿದ್ದ ಹುಡುಗರ ಗುಂಪು ಒಟ್ಟಿಗೇ ಒದರಿತು: “ಹೊರಸು ಹಾರೂದು ಸೂಪರ್! ರಾಕ್ಷಸ ಅಷ್ಟಕ್ಕಷ್ಟ!” ಒಬ್ಬಾಕೆಗೆ ಗಿಳಿಯ ಮಾತು ಬಹಳ ಹಿಡಿಸಿತ್ತು; ಹಾಡು ಮಾತ್ರ ಹೆಚ್ಚಾದವಂತೆ. ಹಳೆಯ ಮಾಸ್ತರರಾದ ಶ್ರೀನಿವಾಸರಾಯರು ಕನ್ನಡಕ ಸರಿಮಾಡಿಕೊಂಡು ಹೇಳಿದರು: “ಗ್ರಾಫಿಕ್ಸ್ ಇನ್ನೂ ಸುಧಾರಿಸಬೇಕು. ಆದ್ರ ಆ ಮಲತಾಯಿ ಪಾತ್ರ ಅದ ನೋಡ್ರಿ, ಕಣ್ಣಾರೆ ಕಂಡಾವ್ರ ಬರದಂಗ ಅದ.”

“ಆಕಿ ಸುಟ್ಟಾಗ ನನ್ನ ಜೀವ ತಣ್ಣಗಾತ್ರಿ” ಎಂದಳು ಲಕ್ಕವ್ವ. ಮೈಕು ಸಿಕ್ಕಿದ ಹುರುಪು ಆಕೆಗೆ.

ಸಿನಿಮಾ ಅಂದಮೇಲೆ ಯಾರಾದರೂ ಕೆಟ್ಟವರು ಬೇಕೇ ಬೇಕಲ್ಲ ಎಂದು ಗುರುಲಿಂಗವ್ವ ತನಗೆ ತಾನೇ ಸಮಾಧಾನ ಹೇಳಿಕೊಂಡಳು. ಆಗ ಬಾಗಲಕೋಟೆಯ ಆಟ ಮುಗಿಸಿಕೊಂಡು ಸೋಮಲಿಂಗ ಕಾರಿನಿಂದ ಇಳಿದ. ಜನ ಮುತ್ತಿದರು. ಕಂಬದ ಮರೆಯಲ್ಲಿದ್ದ ಅವ್ವ ಅವನ ಕಣ್ಣಿಗೆ ಬೀಳಲಿಲ್ಲ.

“ಸರ್, ಮಲತಾಯಿ ಪಾತ್ರ ಇಷ್ಟು ಖರೆ ಖರೆ ಹೆಂಗ ಬಂತ್ರಿ?” ಎಂದು ಅಕೀಲ ಕೇಳಿದ.

ಸೋಮಲಿಂಗ ಒಂದು ಗಳಿಗೆ ತಲೆ ತಗ್ಗಿಸಿದ. ಮತ್ತೆ ಎತ್ತಿದಾಗ ದನಿ ನಡುಗುತ್ತಿತ್ತು. ಹಾಗೆ ನಡುಗಿಸುವುದನ್ನು ಎಲ್ಲಿ ಕಲಿತನೋ. “ನಾನೂ ಮಲತಾಯಿ ಕೈಯಾಗ ಬೆಳದಾಂವ್ರಿ. ಏನೇನು ಅನುಭವಿಸೇನಿ ಅಂತ ಬಾಯಿಬಿಟ್ಟು ಹೇಳಾಕ ಬರೂದಿಲ್ಲ. ಪಿಕ್ಚರ್ ನೋಡ್ರಿ, ತಿಳೀತೈತಿ.”

ಜನ ಅಯ್ಯೋ ಎಂದು ಮರುಗಿದರು. ಲಕ್ಕವ್ವ ಗುರುಲಿಂಗವ್ವನ ಕಡೆ ತಿರುಗಿ, ಮರೆತದ್ದು ಥಟ್ಟನೆ ನೆನಪಾದವಳಂತೆ ಬಾಯಿಗೆ ಸೆರಗು ಹಿಡಿದಳು. ಇಷ್ಟು ವರ್ಷ ಒಂದೇ ಕಟ್ಟೆಯ ಮೇಲೆ ಕೂತು ಎಲೆ ಅಡಿಕೆ ಹಾಕಿದ ಹೆಂಗಸು, ಒಂದು ಹೆಜ್ಜೆ ಹಿಂದೆ ಸರಿದಳು.

ಆ ಮಲತಾಯಿ ಗುರುಲಿಂಗವ್ವನೇ ಎಂಬುದು ಅಕೀಲನಿಗೆ ಹೊಳೆಯಲಿಲ್ಲ. ಆಕೆಯನ್ನು ಕಂಡವನೇ ಮೈಕು ಚಾಚಿದ. “ಏ, ಡೈರೆಕ್ಟರ್ ಸಾಹೇಬ್ರ ಅವ್ವ ಇಲ್ಲೇ ಅದಾರ! ಹೇಳಬೇ ಯಮ್ಮಾ, ಮಗನ ಪಿಕ್ಚರ್ ಹೆಂಗೈತಿ?”

ಸೋಮಲಿಂಗನ ಮುಖದ ಬಣ್ಣ ಇಳಿಯಿತು. ಗುರುಲಿಂಗವ್ವ ಮೈಕನ್ನು ನೋಡಲಿಲ್ಲ, ಅವನನ್ನೇ ನೋಡಿದಳು.

“ಚಲೋ ಐತಪಾ. ಎಲ್ಲಾ ನೆನಪಿಟ್ಟು ತಗದಾನ. ನೀವೆಲ್ಲ ಸುಟ್ಟು ಸೀಟಿ ಹೊಡದ್ರಲ್ಲ, ಆಕಿ ನಾನ.”

ಅಷ್ಟು ಹೇಳಿ ಚೀಲ ಎತ್ತಿಕೊಂಡು ನಡೆದಳು. ಯಾರೂ ದಾರಿಗೆ ಅಡ್ಡ ಬರಲಿಲ್ಲ.

ಹೊತ್ತು ಇಳಿಯುವುದರೊಳಗೆ ಸೋಮಲಿಂಗ ಮನೆಗೆ ಓಡಿಬಂದ. ಆಕೆ ಆಗಲೇ ಮಗ್ಗದ ಕುಣಿಗೆ ಇಳಿದಿದ್ದಳು. ಅವನು ಹಳೆಯ ಜಾಗದಲ್ಲೇ, ಕುಣಿಯ ಅಂಚಿಗೆ ಕೂತ.

“ಯವ್ವಾ, ಅದು ಪಿಕ್ಚರ್ ಬೇ. ಒಳ್ಳೆ ಮಲತಾಯಿ ಅಂದ್ರ ಯಾರು ನೋಡ್ತಾರ? ಪ್ರೊಡ್ಯೂಸರ್ ಒಪ್ಪಲಿಲ್ಲ.”

“ಪಿಕ್ಚರದ್ದು ಬಿಡು. ಮೈಕಿನ ಮುಂದ ಆಡಿದ್ಯಲ್ಲ, ಆ ಮಾತು ಯಾವ ಪ್ರೊಡ್ಯೂಸರ್ ಬರಕೊಟ್ಟ?”

ಸೋಮಲಿಂಗ ನೆಲ ಕೆರೆದ. ಆಮೇಲೆ ಶುರುಮಾಡಿದ. ಮೊದಲ ಸಿನಿಮಾ, ಓಡದಿದ್ದರೆ ಮುಂದೆ ಯಾರೂ ಕರೆಯುವುದಿಲ್ಲ, ಇಂಥ ಮಾತಿಗೆ ಜನ ಮರುಗುತ್ತಾರೆ, ನಾಲ್ಕು ಮಂದಿಗೆ ಹೇಳುತ್ತಾರೆ, ಅವ್ವ ಅಂದರೆ ತನಗೆ ಏನು ಎಂಬುದು ತನ್ನ ಜೀವಕ್ಕೆ ಗೊತ್ತು. ಪ್ರತಿ ಮಾತಿನ ಕೊನೆಗೂ ಅವನು ತುಸು ತಡೆಯುತ್ತಿದ್ದ. ಗುರುಲಿಂಗವ್ವ ಲಾಳಿ ನಿಲ್ಲಿಸಿ ಹರಿದ ಎಳೆಗೆ ಗಂಟು ಹಾಕಿದಳು. ದಾರದ ತುದಿಯನ್ನು ಹಲ್ಲಿನವರೆಗೆ ಒಯ್ದವಳು ಹಾಗೆಯೇ ತಡೆದಳು; ಆಮೇಲೆ ಕೈ ಕೆಳಗಿಳಿಸಿ ಕತ್ತರಿ ಹುಡುಕಿದಳು.

ಅದನ್ನು ಕಂಡು ಸೋಮಲಿಂಗನಿಗೆ ಅಳು ಬಂತು. ಈ ಸಲ ದನಿ ತಾನಾಗಿಯೇ ನಡುಗಿತು. “ಯವ್ವಾ, ಹೂಂ ಅನ್ನಬೇ.”

“ಮಲಗೇನಿ ಅಂತ ತಿಳಕೊ” ಎಂದಳು ಗುರುಲಿಂಗವ್ವ. “ಕತಿ ನಿಲ್ಲಸು.”